ಅಕ್ಕನ ಎರಡು ಕೈ, ಎರಡು ಗಾಯ

ಅಕ್ಕನ ಕೈಗೆ ಏನೋ ಆಗಿದೆ ಎಂಬುದು ಮೊದಲು ಗೊತ್ತಾದದ್ದು ಒಂದು ರೇಷ್ಮೆ ಎಳೆಯಿಂದ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದೆ. ಸಂಜೆಯ ಹೊತ್ತು ನೇಕಾರರ ಕೇರಿಗಳಲ್ಲಿ ಮಹಿಳಾ ಸಂಘದ ಕೆಲಸ. ನನ್ನ ಅಕ್ಕ ಜಯಮ್ಮನನ್ನು ಅದೇ ಊರಿನಲ್ಲಿ, ನಾಲ್ಕು ವಿದ್ಯುತ್ ಮಗ್ಗಗಳಿದ್ದ ಮನೆಗೆ ಕೊಟ್ಟಿತ್ತು. ಮುಂಭಾಗದಲ್ಲಿ ಸಂಸಾರ, ಹಿಂಭಾಗದಲ್ಲಿ ಮಗ್ಗದ ಶೆಡ್ಡು. ನಡುವಿನ ಗೋಡೆ ಹಗಲೆಲ್ಲ ನಡುಗುತ್ತಿರುತ್ತಿತ್ತು. ಆ ಮನೆಯಲ್ಲಿ ಅಕ್ಕನ ಪಾಲಿನ ಕೆಲಸ ಅಚ್ಚು ಕೆಚ್ಚುವುದು.

ಈ ಕೆಲಸವನ್ನು ಹೊರಗಿನವರು ನೋಡಿರುವುದಿಲ್ಲ. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳ ಸಾಲು, ನೇಯ್ದು ಮುಗಿದಾಗ ಹಳೆಯ ಎಳೆಗಳ ತುದಿಗಳನ್ನು ಹಾಗೆಯೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅವುಗಳಿಗೆ ಕೂಡಿಸಬೇಕು. ಎಡಗೈಯಲ್ಲಿ ಎರಡು ಎಳೆಗಳನ್ನು ಆರಿಸಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳುಗಳಿಂದ ಹೊಸೆದು ಒಂದು ಮಾಡಬೇಕು. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಾರೆ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಅಷ್ಟೂ ಮುಗಿಯುವವರೆಗೆ ಮಗ್ಗ ನಿಂತಿರುತ್ತದೆ, ನೇಯುವವನು ಬೀಡಿ ಸೇದುತ್ತ ಕಾಯುತ್ತಿರುತ್ತಾನೆ, ಮನೆಯ ಹಿರಿಯರು ಆಗಾಗ ಬಂದು ಇಣುಕುತ್ತಾರೆ. ಅಕ್ಕ ಈ ಕೆಲಸದಲ್ಲಿ ಕೇರಿಗೇ ಹೆಸರಾದವಳು. ಅವಳು ಕಣ್ಣು ನೆಟ್ಟು ಕೂರುತ್ತಿರಲಿಲ್ಲ. ಬೆರಳು ತನ್ನಷ್ಟಕ್ಕೆ ನಡೆಯುತ್ತಿತ್ತು, ಬಾಯಿ ತನ್ನಷ್ಟಕ್ಕೆ ಮಾತಾಡುತ್ತಿತ್ತು.

ಅಂದು ನಾನು ಶಾಲೆಯಿಂದ ನೇರವಾಗಿ ಅಲ್ಲಿಗೆ ಹೋಗಿದ್ದೆ. ಅಕ್ಕ ಕೈ ನಿಲ್ಲಿಸಿ ಕೂತಿದ್ದಳು.

"ಲೇ ನಿಮ್ಮಿ, ಇಲ್ಲಿ ನೋಡೆ. ನನ್ನ ಬೆರಳಲ್ಲಿರೋದು ಒಂದೆಳೆನೋ, ಎರಡೋ?"

"ಒಂದೇ ಕಣಕ್ಕ. ಕಾಣಲ್ವಾ?"

"ಕಾಣತ್ತೆ. ಗೊತ್ತಾಗ್ತಿಲ್ಲ."

ಅವಳು ನಕ್ಕಳು. ನಾನೂ ನಕ್ಕೆ. ಎಳೆಯನ್ನು ಕಣ್ಣಿನಿಂದ ನೋಡಿ ಹಿಡಿಯಬೇಕಾದ ಸ್ಥಿತಿ ಕೆಚ್ಚುವವಳಿಗೆ ಎಂಥದ್ದೆಂಬುದು ನನಗಾಗ ತಿಳಿದಿರಲಿಲ್ಲ.

ಆಮೇಲೆ ಜೋಮು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ. ಕಿರುಬೆರಳಿಗೆ ಏನೂ ಇಲ್ಲ. ಆಮೇಲೆ ಉರಿ. ಮಲಗಿದರೆ ಉರಿ ಹೆಚ್ಚು. ಎದ್ದು ಕೂತು ಕೈಯನ್ನು ಇಳಿಬಿಟ್ಟು ಕೊಡವಿದರೆ ಸ್ವಲ್ಪ ಕಡಿಮೆ. ವರ್ಷ ಕಳೆಯುವಷ್ಟರಲ್ಲಿ ಗಾಜಿನ ಲೋಟಗಳು ಕೈಯಿಂದ ಬೀಳತೊಡಗಿದವು. ಅಕ್ಕನ ಅತ್ತೆ ಚೌಡಮ್ಮನವರು ನಾಲಿಗೆ ಚುರುಕಿನ ಹೆಂಗಸು.

"ಒಂದು ಲೋಟ ಹಿಡಿಯಕ್ಕಾಗ್ದಷ್ಟು ಮೆತ್ತಗಾಗ್ಬಿಟ್ಯಾ ತಾಯಿ? ನಿಮ್ಮಪ್ಪ ಜೊತೆಗೊಂದು ಪಾತ್ರೆ ಅಂಗ್ಡಿ ಇಡ್ಸಿ ಕಳಿಸ್ಬೇಕಿತ್ತು."

ಅಕ್ಕ ಚೂರುಗಳನ್ನು ಆರಿಸುತ್ತ ಹೇಳಿದಳು: "ಸ್ಟೀಲಿಂದು ತಂದುಕೊಡಿ ಅತ್ತೆ, ಬಿದ್ರೂ ಒಡೆಯಲ್ಲ."

ಮುಂದಿನ ಕೆಲವು ವರ್ಷಗಳಲ್ಲಿ ಆ ಕೈಗೆ ನಡೆದ ಅನ್ಯಾಯಗಳನ್ನು ನಾನು ಹೆಸರಿಟ್ಟು ಹೇಳಬೇಕು. ಯಾರನ್ನೂ ದೂಷಿಸುವ ಆಸೆಯಿಂದಲ್ಲ. ಹೆಸರಿಡದ ಅನ್ಯಾಯವು ಕೊನೆಗೆ ಹಣೆಬರಹವೆಂಬ ಹೆಸರನ್ನು ತಾನೇ ಇಟ್ಟುಕೊಂಡುಬಿಡುತ್ತದೆ.

ಪೇಟೆಯ ವೈದ್ಯರೊಬ್ಬರು ಕೈಯನ್ನು ಮುಟ್ಟಿ ನೋಡದೆಯೇ ವಾತವೆಂದರು; ಕೆಂಪು ಬಣ್ಣದ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬರು ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಿದೆ ಎಂದು ಕಾಲರ್ ತೊಡಿಸಿದರು. ಅಕ್ಕ ಒಂದು ಬೇಸಿಗೆಯೆಲ್ಲ ಆ ಬಿಳಿಯ ಕಾಲರ್ ತೊಟ್ಟು, ಕತ್ತು ಬಗ್ಗಿಸಲಾಗದೆ, ಹಾಸನ್ನು ಕಣ್ಣಿನೆತ್ತರಕ್ಕೆ ಕಟ್ಟಿಸಿಕೊಂಡು ಕೆಚ್ಚಿದಳು. ಮತ್ತೊಬ್ಬರು, ಈ ವಯಸ್ಸಿನಲ್ಲಿ ಹೆಂಗಸರಿಗೆ ಹೀಗೆಲ್ಲ ಆಗುತ್ತದೆ, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ ಎಂದರು. ಅಕ್ಕನಿಗೆ ಆಗ ಇನ್ನೂ ನಲವತ್ತು ತುಂಬಿರಲಿಲ್ಲ. ಚೌಡಮ್ಮನವರು ಸರ್ಪದೋಷವೆಂದು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದೊಯ್ದು ನಾಗರಕಲ್ಲಿಗೆ ಹಾಲೆರೆಸಿದರು. ಅದನ್ನು ನಾನು ಅನ್ಯಾಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಆ ಎಲ್ಲರ ನಡುವೆ ಅಕ್ಕನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಕೂತಿದ್ದವರು ಅವರೊಬ್ಬರೇ.

ಕೊನೆಗೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಭಾವನೂ ಬಂದರು. ವಯಸ್ಸಾದ ಸರ್ಜನ್ ಒಬ್ಬರು ಅಕ್ಕನ ಮಣಿಕಟ್ಟಿನ ನಡುವೆ ಬೆರಳಿನಿಂದ ತಟ್ಟಿದರು. ಅಕ್ಕ ಬೆಚ್ಚಿ ಕೈ ಎಳೆದುಕೊಂಡಳು. ಎರಡೂ ಕೈಗಳನ್ನು ತಿರುಗಿಸಿ ನೋಡಿದರು. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಇರಬೇಕಾದ ಮಾಂಸದ ಉಬ್ಬು ಇರಲಿಲ್ಲ. ಅಲ್ಲೊಂದು ತಗ್ಗು ಇತ್ತು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

"ಏನು ಕೆಲಸ ಮಾಡ್ತಾರೆ ಇವರು?" ಸರ್ಜನ್ ಭಾವನನ್ನು ಕೇಳಿದರು.

"ಕೆಲಸ ಏನಿಲ್ಲ ಸಾರ್. ಮನೇಲೇ ಇರ್ತಾಳೆ."

ಕೇಸ್ ಶೀಟಿನಲ್ಲಿ ಗೃಹಿಣಿ ಎಂದಾಯಿತು.

ನಾನು ಬಾಯಿ ತೆರೆಯುವ ಮೊದಲೇ ಸರ್ಜನ್ ಮುಂದಿನ ಮಾತಿಗೆ ಹೋಗಿದ್ದರು. ಮುಂದೆ ನಾನು ತಿದ್ದಿಸಿದೆ, ನಿಜ. ಆದರೆ ಭಾವ ಬೇಕೆಂದೇ ಹೇಳಿದ ಸುಳ್ಳಲ್ಲ ಅದು. ಭಾವ ಕೆಟ್ಟವರಲ್ಲ. ಹೆಂಡತಿಯ ಮೇಲೆ ಕೈಯೆತ್ತಿದವರಲ್ಲ. ನಾಲ್ಕು ಮಗ್ಗಗಳನ್ನು ಓಡಿಸುತ್ತಿದ್ದ ಆ ಬೆರಳುಗಳು ಮಾಡುವುದು ಕೆಲಸವೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾರ್ಖಾನೆಯ ಕೂಲಿಗಾರನಿಗೆ ಸಿಗುವ ಕಾರ್ಮಿಕ ವಿಮೆ, ರಜೆ, ಪರಿಹಾರ ಒಂದೂ ಅಕ್ಕನಿಗೆ ಇರಲಿಲ್ಲ. ಅವಳು ಯಾವ ಹಾಜರಿ ಪಟ್ಟಿಯಲ್ಲಿಯೂ ಇರಲಿಲ್ಲ.

ಕಾಯಿಲೆಗೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಮಣಿಕಟ್ಟಿನಲ್ಲಿ ಮೂಳೆಗಳಿಂದಾದ ಒಂದು ಇಕ್ಕಟ್ಟಾದ ಸುರಂಗವಿದೆ. ಅದರ ಮೇಲೆ ಲಿಗಮೆಂಟ್ ಎಂಬ ಗಟ್ಟಿಯಾದ ಪಟ್ಟಿಯ ಮುಚ್ಚಿಗೆ. ಬೆರಳುಗಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ್ವ್ ಎಂಬ ನರ ಆ ಸುರಂಗದ ಮೂಲಕವೇ ಹೋಗಬೇಕು. ಒಳಗೆ ಊತವಾದರೆ ನರ ಹಿಂಡಿಹೋಗುತ್ತದೆ. ನರ ಎಷ್ಟು ಕೆಲಸ ಮಾಡುತ್ತಿದೆಯೆಂದು ಅಳೆಯುವ ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿದರು. ಬಲಗೈ ತೀರಾ ಹದಗೆಟ್ಟಿತ್ತು. ಎಡಗೈಯಲ್ಲಿ ಇನ್ನೂ ಆರಂಭ.

"ಲಿಗಮೆಂಟ್ ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡಬೇಕು. ಉರಿ ಹೋಗುತ್ತೆ," ಎಂದರು ಸರ್ಜನ್.

"ಬೆರಳಿಗೆ ಗೊತ್ತಾಗೋದು ವಾಪಸ್ ಬರತ್ತಾ ಸಾರ್?" ಅಕ್ಕ ಕೇಳಿದಳು. ಅಷ್ಟು ಹೊತ್ತಿಗೆ ಅವಳು ಆಡಿದ ಮೊದಲ ಮಾತು ಅದು. "ಎಳೆ ಹಿಡೀಬೇಕು ನಾನು."

ಅವರು ಹೆಬ್ಬೆರಳಿನ ಬುಡದ ತಗ್ಗನ್ನು ಮತ್ತೊಮ್ಮೆ ಒತ್ತಿ ನೋಡಿದರು. "ತಡವಾಗಿ ಬಂದಿದ್ದೀರಮ್ಮ. ಪ್ರಯತ್ನ ಮಾಡೋಣ," ಎಂದರು.

ಬಲಗೈಗೆ ಆದದ್ದು ಓಪನ್ ಸರ್ಜರಿ. ಕೈಯನ್ನಷ್ಟೇ ಮರಗಟ್ಟಿಸಿ, ಅಂಗೈಯ ನಡುವಿನಿಂದ ಮಣಿಕಟ್ಟಿನವರೆಗೆ ಕೊಯ್ದು, ನರವನ್ನು ಕಣ್ಣಾರೆ ನೋಡುತ್ತ ಲಿಗಮೆಂಟನ್ನು ಬಿಡಿಸಿದರು. ಅಂಗೈಯ ಮೇಲೆ ಸಾಲಾಗಿ ಕಪ್ಪು ಹೊಲಿಗೆ. ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಪ್ಲಾಸ್ಟರಿನ ಪಟ್ಟಿ, ಅದರ ಮೇಲೆ ಮೊಣಕೈವರೆಗೂ ಸುತ್ತಿದ ಬ್ಯಾಂಡೇಜು. ಬೆರಳುಗಳ ತುದಿ ಮಾತ್ರ ಹೊರಗೆ. ಕುತ್ತಿಗೆಗೆ ಜೋಳಿಗೆ ಕಟ್ಟಿ ಅದರಲ್ಲಿ ಕೈ ಇಟ್ಟು ಕಳುಹಿಸಿದರು.

ಆ ರಾತ್ರಿ ಅಕ್ಕ ಉರಿಗೆ ಎದ್ದು ಕೂರಲಿಲ್ಲ.

ಬೆಳಿಗ್ಗೆ ಚೌಡಮ್ಮನವರು ಅವಳ ಬಾಗಿಲ ಬಳಿ ನಿಂತು, "ಸತ್ತೋಗವ್ಳೇನೋ ಅನ್ಕಂಡೆ, ಹಂಗೆ ಮಲಗಿದ್ಲು," ಎಂದು ನನಗೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂದಿನ ವಾರಗಳು ಆ ಮನೆಯಲ್ಲಿ ಅಕ್ಕ ಕಂಡ ಅತ್ಯಂತ ಸುಖದ ದಿನಗಳು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಿಜ. ಆ ಬ್ಯಾಂಡೇಜು ಎಲ್ಲರಿಗೂ ಕಾಣುತ್ತಿತ್ತು. ಕೇರಿಯ ಹೆಂಗಸರು ಮೂಸಂಬಿ, ಬ್ರೆಡ್ಡು ಹಿಡಿದುಕೊಂಡು ನೋಡಲು ಬಂದರು. ಚೌಡಮ್ಮನವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಸೊಸೆಗೆ ತಿನ್ನಿಸಿದರು, ತಲೆ ಬಾಚಿ ಜಡೆ ಹಾಕಿದರು. "ಹೆತ್ತ ಮಗಳಿಗೂ ಇಷ್ಟು ಮಾಡಿಲ್ಲ ಕಣವ್ವ ನಾನು," ಎಂದು ಹಾಡಿಕೊಂಡೇ ಮಾಡಿದರು. ಭಾವ ಅಚ್ಚು ಕೆಚ್ಚಲು ಹೊರಗಿನ ಹೆಂಗಸರನ್ನು ಕರೆಸಿದರು. ಅವರು ಎಳೆಗಳನ್ನು ಅಡ್ಡಾದಿಡ್ಡಿ ಕೂಡಿಸಿದಾಗ ಮೊದಲ ಬಾರಿಗೆ ಗಟ್ಟಿಯಾಗಿ, ಶೆಡ್ಡಿನ ಸದ್ದನ್ನೂ ಮೀರಿ, "ಜಯ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ," ಎಂದರು. ಅಕ್ಕ ಒಳಗಿನಿಂದ ಕೇಳಿಸಿಕೊಂಡು ಮುಗುಳ್ನಕ್ಕಳು.

ಹೊಲಿಗೆ ಬಿಚ್ಚಿದ ಮೇಲೆ ಬೇರೆಯ ನೋವು. ಅಂಗೈಯ ಎರಡೂ ಬದಿ, ಒತ್ತಿದರೆ ಸಾಕು, ಮೂಳೆಯೊಳಗಿನಿಂದ ನೋವು. ಚಪಾತಿ ಲಟ್ಟಿಸಲಾಗದು, ಬಟ್ಟೆ ಹಿಂಡಲಾಗದು. ಗಾಯದ ಕಲೆ ಗಟ್ಟಿಯಾಗಿ ದಪ್ಪವಾಯಿತು. ತಿಂಗಳುಗಳೇ ಹಿಡಿದವು. ಆದರೆ ತೋರುಬೆರಳಿನ ತುದಿಗೆ ಒಂದು ದಿನ ಏನೋ ಚುಚ್ಚಿದಂತಾಯಿತು. ಅಕ್ಕ ಅಡುಗೆಮನೆಯಿಂದ ಕೂಗಿ ಕರೆದಳು. ಏನೆಂದು ಓಡಿಹೋಗಿ ನೋಡಿದರೆ ರಾಗಿ ಹಿಟ್ಟಿನ ಡಬ್ಬಿಯಲ್ಲಿ ಬೆರಳಿಟ್ಟುಕೊಂಡು ನಿಂತಿದ್ದಾಳೆ.

"ತರಿತರಿ ಅನ್ಸತ್ತೆ ಕಣೆ! ಹಿಟ್ಟು ತರಿತರಿಯಾಗಿದೆ!"

"ಅದಕ್ಕೆ ಹಿಂಗೆ ಕೂಗ್ತಾರಾ? ಮಿಲ್ಲಿನೋನು ಮೋಸ ಮಾಡವ್ನೆ ಅಂತ ಅನ್ಕಂಡೆ," ಎಂದರು ಚೌಡಮ್ಮನವರು.

ವರ್ಷ ತುಂಬುವ ಹೊತ್ತಿಗೆ ಅಕ್ಕ ಮತ್ತೆ ಹಾಸಿನ ಮುಂದೆ ಕೂತಳು. ಹೆಬ್ಬೆರಳಿನ ಬುಡದ ತಗ್ಗು ತುಂಬಲಿಲ್ಲ. ವೇಗ ಹಿಂದಿನ ಅರ್ಧಕ್ಕೂ ಬರಲಿಲ್ಲ. ಆದರೂ ಕೆಚ್ಚಿದಳು. ಹೊಸೆಯುವ ಬಲಗೈಯ ಕೊರತೆಯನ್ನು ಆರಿಸಿ ಹಿಡಿಯುವ ಎಡಗೈ ತುಂಬಿಕೊಡುತ್ತಿತ್ತು. ಎಲ್ಲ ಭಾರವೂ ಎಡಗೈಯ ಮೇಲೆ ಬಿತ್ತು.

ತೊಂಬತ್ತರ ದಶಕದ ನಡುವೆ ಎಡಗೈಯಲ್ಲೂ ಅದೇ ಜೋಮು, ಅದೇ ಉರಿ ಹೆಚ್ಚತೊಡಗಿತು.

ಈ ಸಲ ತಡ ಮಾಡುವುದಿಲ್ಲವೆಂದು ನಾನು ಹಟ ಹಿಡಿದೆ. ಭಾವನೂ ಒಪ್ಪಿದರು. ಅವರಿಗೆ ಸೀರೆ ವ್ಯಾಪಾರಿಯೊಬ್ಬರು ಬೆಂಗಳೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿನ ವಿಷಯ ಹೇಳಿದ್ದರು: ಅಲ್ಲಿ ಹೊರದೇಶದಲ್ಲಿ ಕಲಿತು ಬಂದ ಯುವ ಸರ್ಜನ್ ಒಬ್ಬರು ಇದೇ ಆಪರೇಷನ್ನನ್ನು ಎಂಡೋಸ್ಕೋಪಿನಿಂದ ಮಾಡುತ್ತಾರೆ, ಅಂಗೈ ಕೊಯ್ಯುವುದೇ ಇಲ್ಲ.

ಆ ಸರ್ಜನ್ ತಾಳ್ಮೆಯ ಮನುಷ್ಯ. ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮುಂದೆ ಆದದ್ದಕ್ಕೆ ಅವರ ಕತ್ತರಿ ಕಾರಣವಲ್ಲ. ಅವರು ಒಂದು ಹಾಳೆಯ ಮೇಲೆ ಕೈಯ ಚಿತ್ರ ಬರೆದು ಎರಡು ವಿಧಾನಗಳನ್ನೂ ಹೋಲಿಸಿ ತೋರಿಸಿದರು.

"ನೋಡಿಮ್ಮ, ಎರಡರಲ್ಲೂ ನಾವು ಕತ್ತರಿಸೋದು ಒಂದೇ ಲಿಗಮೆಂಟ್. ಬಾಗಿಲು ತೆಗೆದು ಹೋಗ್ತೀವೋ, ಕಿಟಕಿಯಿಂದ ಕೈ ಹಾಕ್ತೀವೋ, ಅಷ್ಟೇ ವ್ಯತ್ಯಾಸ. ಓಪನ್‌ನಲ್ಲಿ ನರ ಪೂರ್ತಿ ಕಣ್ಣಿಗೆ ಕಾಣುತ್ತೆ. ಆದರೆ ಅಂಗೈಲಿ ಗಾಯ, ಬಹಳ ದಿನ ನೋವು. ಇದರಲ್ಲಿ ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಗಾಯ ಮಾಡಿ ಟ್ಯೂಬ್ ತೂರಿಸಿ ಟೀವಿಯಲ್ಲಿ ನೋಡ್ಕೊಂಡು ಒಳಗಿನಿಂದ ಕತ್ತರಿಸ್ತೀವಿ. ನೋವು ಕಡಿಮೆ. ಆದರೆ ಕಾಣೋದು ಸ್ವಲ್ಪ ಜಾಗ ಮಾತ್ರ, ಅದಕ್ಕೆ ನರಕ್ಕೆ ಪೆಟ್ಟಾಗೋ ಅಪಾಯ ಚೂರು ಜಾಸ್ತಿ. ಕಾಣೋದು ಕಷ್ಟ ಅನ್ನಿಸಿದ್ರೆ ನಾನು ನಿಲ್ಲಿಸಿ ಓಪನ್ ಮಾಡಿಬಿಡ್ತೀನಿ."

"ಆಮೇಲೆ ಹೆಂಗಿರತ್ತೆ ಸಾರ್? ಒಂದು ವರ್ಷ ಆದ್ಮೇಲೆ?" ನಾನು ಕೇಳಿದೆ.

"ಆಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಲಾಭ ಇರೋದು ಮೊದಲ ಕೆಲವು ವಾರಗಳಲ್ಲಿ. ಬೇಗ ಕೆಲಸಕ್ಕೆ ಹೋಗಬಹುದು. ಭಾರ ಎತ್ತೋ ಹಾಗಿಲ್ಲ, ನೀರು ಸೇದೋ ಹಾಗಿಲ್ಲ. ಹಗುರವಾದ ಕೆಲಸ ಒಂದು ವಾರಕ್ಕೆಲ್ಲ ಶುರು ಮಾಡಬಹುದು."

ಭಾವ ತಲೆಯಾಡಿಸಿದರು. ಅವರು ಕೇಳಿಸಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಯ್ಕೆ ಅಕ್ಕನದೇ. ನರ್ಸಿಂಗ್ ಹೋಮಿನ ಹೊರಗೆ ಕಾಫಿ ಕುಡಿಯುತ್ತ ಹೇಳಿದಳು. "ಇದೇ ಮಾಡಿಸ್ತೀನಿ ಕಣೆ. ಆ ಅಂಗೈ ನೋವು ಇನ್ನೊಂದ್ಸಲ ಬೇಡ. ಅಷ್ಟು ದಿನ ಕೂರೋದೂ ಬೇಡ. ಒಂದ್ಸಲ ಬಾಯಿಗಿಟ್ಟು ತಿನ್ನಿಸಿದ್ರು, ಸರಿ. ಎರಡ್ನೇ ಸಲಕ್ಕೆ ಕೂತು ತಿನ್ನೋಳು ಅಂತಾರೆ."

"ಯಾರಂತಾರೆ?"

"ನಾನೇ ಅನ್ಕೋತೀನಿ."

ಆಪರೇಷನ್ ಚೆನ್ನಾಗಿಯೇ ಆಯಿತು. ಅದೇ ಸಂಜೆ ಬಸ್ಸಿನಲ್ಲಿ ಊರಿಗೆ ಬಂದೆವು. ಮಣಿಕಟ್ಟಿನ ಮೇಲೆ ಒಂದು ಸಣ್ಣ ಪಟ್ಟಿ, ಅಷ್ಟೇ. ಗಾಜಿನ ಬಳೆ ಹಾಕಿಕೊಂಡರೆ ಮುಚ್ಚಿಹೋಗುವಷ್ಟು. ಬೆರಳುಗಳನ್ನು ಆಡಿಸಬೇಕೆಂದು ವೈದ್ಯರೇ ಹೇಳಿದ್ದರು. ಚೌಡಮ್ಮನವರು ಬಾಗಿಲಲ್ಲೇ ಕೈ ಹಿಡಿದು ತಿರುಗಿಸಿ ನೋಡಿದರು.

"ಇಷ್ಟೇನಾ?"

"ಇಷ್ಟೇ ಅತ್ತೆ. ಒಳಗಡೆ ಮಾಡವ್ರೆ."

"ನಮ್ಮ ಕಾಲ್ದಲ್ಲಿ ಮುಳ್ಳು ತೆಗ್ಸಿದ್ರೂ ಇದಕ್ಕಿಂತ ದೊಡ್ಡದಿರ್ತಿತ್ತು. ಕಾಲ ಮುಂದುವರಿದದೆ ಬಿಡು."

ನೋಡಲು ಯಾರೂ ಬರಲಿಲ್ಲ. ನೋಡುವಂಥದ್ದು ಏನೂ ಇರಲಿಲ್ಲ. ಆದರೆ ಆ ಮನೆಯವರು ವೈದ್ಯರ ಮಾತನ್ನು ಮೀರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ಚೌಡಮ್ಮನವರು ಆ ವಯಸ್ಸಿನಲ್ಲಿ ತಾವೇ ಕೊಳಾಯಿಯಿಂದ ಬಿಂದಿಗೆ ಹೊತ್ತರು. ಭಾವ ನೂಲಿನ ಮೂಟೆಗಳನ್ನು ತಾವೇ ಒಳಗೆ ತಂದರು. ರುಬ್ಬುವ ಕಲ್ಲಿನ ಹತ್ತಿರ ಅಕ್ಕನನ್ನು ಸುಳಿಯಗೊಡಲಿಲ್ಲ. ಭಾರವಾದ ಕೆಲಸ ಒಂದನ್ನೂ ಅವಳಿಂದ ಮಾಡಿಸಲಿಲ್ಲ.

ಹಬ್ಬದ ಬೇಡಿಕೆಯ ದಿನಗಳು. ಒಂದು ಮಗ್ಗದ ಹಾಸು ಮುಗಿದು ನಿಂತಿತ್ತು. ಕೇರಿಯಲ್ಲಿ ಕೆಚ್ಚುವವರು ಯಾರೂ ಖಾಲಿ ಇರಲಿಲ್ಲ.

ಎಂಟನೆಯ ದಿನವೋ ಒಂಬತ್ತನೆಯದೋ, ನಾನು ಹೋದಾಗ ಅಕ್ಕ ಹಾಸಿನ ಮುಂದೆ ಕೂತಿದ್ದಳು. ಎರಡೂ ಕೈಯ ಬೆರಳುಗಳಲ್ಲಿ ಬೂದಿ. ಮಣಿಕಟ್ಟಿನ ಪಟ್ಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದರ ಅಂಚು ಮೇಲೆದ್ದಿತ್ತು.

ನಾನು ಕೂಗಾಡಿದೆ. ನನಗೆ ಭಾಷಣ ಮಾಡಿ ಅಭ್ಯಾಸ, ಮಾಡಿದೆ.

ಭಾವ ಗಾಬರಿಯಾಗಿ ಎದ್ದು ನಿಂತರು. "ಯಾಕವ್ವ ನಿಮ್ಮಿ? ಭಾರ ಎತ್ಬೇಡಿ ಅಂದ್ರು, ಎತ್ತಿಸಿಲ್ಲ. ಹಗುರದ್ದು ಮಾಡ್ಬೋದು ಅಂತ ಡಾಕ್ಟ್ರೇ ಅಂದ್ರಲ್ಲ? ನೀನೂ ಇದ್ಯಲ್ಲ ಅಲ್ಲಿ?"

"ಇದು ಹಗುರನಾ ಭಾವ?"

ಅವರು ಉತ್ತರವಾಗಿ ಹಾಸಿನಿಂದ ಒಂದು ಎಳೆಯನ್ನು ಬೆರಳಿನಲ್ಲಿ ಎತ್ತಿ ತೋರಿಸಿದರು. ಅದು ಗಾಳಿಗೆ ಅಲುಗಿತು. ಅವರ ಮುಖದಲ್ಲಿ ಕಪಟವಿರಲಿಲ್ಲ. ಮೂರು ತಲೆಮಾರಿನಿಂದ ಆ ಮನೆಯಲ್ಲಿ ಬಾಣಂತಿಗೆ, ಜ್ವರ ಬಿಟ್ಟವಳಿಗೆ, ಬಸುರಿಗೆ ಕೊಡುತ್ತಿದ್ದ ಕೆಲಸ ಅದೇ. ಕೂತು ಮಾಡುವುದು, ನೆರಳಲ್ಲಿ ಮಾಡುವುದು, ತೂಕವೇ ಇಲ್ಲದ್ದನ್ನು ಹಿಡಿದು ಮಾಡುವುದು. ಬೆಳಗಿನಿಂದ ಸಂಜೆಯವರೆಗೆ ಸಾವಿರಾರು ಬಾರಿ ಬೆರಳು ಬಿಗಿಹಿಡಿದು ಸಡಿಲಿಸುವಾಗ ಆ ಸುರಂಗದೊಳಗೆ ಏನಾಗುತ್ತದೆಂಬುದನ್ನು ಹೇಳಬಲ್ಲ ವೈದ್ಯರು ಆ ಕೆಲಸವನ್ನು ನೋಡಿರಲಿಲ್ಲ. ಆ ಕೆಲಸವನ್ನು ದಿನಾ ನೋಡುವವರಿಗೆ ಸುರಂಗ ಗೊತ್ತಿರಲಿಲ್ಲ. ಹಗುರವಾದ ಕೆಲಸವೆಂದಾಗ ಆ ಸರ್ಜನ್ ಕಣ್ಣಮುಂದೆ ಇದ್ದದ್ದು ಬಹುಶಃ ಫೋನ್ ಎತ್ತುವುದು, ಸಹಿ ಹಾಕುವುದು.

ಅಕ್ಕ ಇಬ್ಬರ ನಡುವೆ ಕೂತು, "ನೋವೇ ಇರ್ಲಿಲ್ಲ ಕಣೆ," ಎಂದಳು. "ನೋವಿದ್ದಿದ್ರೆ ನಾನೇ ಏಳ್ತಿದ್ದೆ."

ನೋವು ಮರುದಿನ ಬಂತು.

ಕೈ ಊದಿತು. ಕೆಂಪಾಯಿತು. ಜ್ವರ. ಬೂದಿ ಹೊಕ್ಕ ಗಾಯ ಕೀವಾಗಿ, ಕೀವು ಒಳಗಿನ ಸುರಂಗದವರೆಗೂ ಇಳಿದಿತ್ತು. ಬೆಂಗಳೂರಿಗೆ ಓಡಿದೆವು. ಯುವ ಸರ್ಜನ್ ಪಟ್ಟಿ ತೆಗೆದು ನೋಡಿ ತಕ್ಷಣವೇ ಆಪರೇಷನ್ ಥಿಯೇಟರ್ ಸಿದ್ಧ ಮಾಡಿಸಿದರು. ಅಂಗೈಯನ್ನು ಈಗ ಉದ್ದಕ್ಕೂ ಕೊಯ್ಯಬೇಕಾಯಿತು, ಬಲಗೈಗಿಂತ ಉದ್ದಕ್ಕೆ. ಒಳಗೆ ತೊಳೆದರು, ಕೆಲವು ದಿನ ಬಿಟ್ಟು ಮತ್ತೆ ತೊಳೆದರು. ಅಕ್ಕ ಆ ವಾರ್ಡಿನಲ್ಲಿ ಇದ್ದಷ್ಟು ದಿನ ಎಡಗೈಯನ್ನು ನೋಡಲೇ ಇಲ್ಲ. ಡ್ರೆಸ್ಸಿಂಗ್ ಮಾಡುವಾಗ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು.

ಗಾಯ ಮಾಗಿತು. ಬೆರಳುಗಳು ಮಾಗಲಿಲ್ಲ. ಬೆರಳು ಮಡಚುವ ಒಳಗಿನ ಸ್ನಾಯುರಜ್ಜುಗಳು ಒಂದಕ್ಕೊಂದು ಅಂಟಿಕೊಂಡವು. ನರದ ಸುತ್ತ ಗಾಯದ ಗಂಟು ಕಟ್ಟಿತು. ಬಿಸಿನೀರು, ಬಿಸಿ ಮೇಣದ ಕಾವು, ಫಿಸಿಯೋಥೆರಪಿ, ತಿಂಗಳುಗಟ್ಟಲೆ ಎಲ್ಲವೂ ಆಯಿತು. ತೋರುಬೆರಳು ಹೆಬ್ಬೆರಳನ್ನು ಮುಟ್ಟುವುದಿಲ್ಲ. ನಡುವೆ ಒಂದು ಕಡಲೆಕಾಯಿ ತೂರುವಷ್ಟು ಜಾಗ ಉಳಿಯುತ್ತದೆ. ಆ ಜಾಗದಲ್ಲಿ ರೇಷ್ಮೆ ಎಳೆ ನಿಲ್ಲುವುದಿಲ್ಲ.

ಮೊದಲ ಕೈಯನ್ನು ನೋಡಿದ್ದ ಸರ್ಕಾರಿ ಆಸ್ಪತ್ರೆಯ ಸರ್ಜನ್ ಬಳಿಗೂ ಒಮ್ಮೆ ಕರೆದೊಯ್ದೆ. ನಿವೃತ್ತಿಯ ಹತ್ತಿರವಿದ್ದರು. ಅಕ್ಕನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇರಿಸಿ ಬಹಳ ಹೊತ್ತು ನೋಡಿದರು.

"ಯಾವ ಆಪರೇಷನ್ ಒಳ್ಳೇದು ಸಾರ್, ಎರಡರಲ್ಲಿ?" ನಾನು ಕೇಳಿದೆ. ನನಗೆ ಒಂದು ಉತ್ತರ ಬೇಕಿತ್ತು. ಯಾರನ್ನಾದರೂ ಆರೋಪಿಯ ಜಾಗದಲ್ಲಿ ನಿಲ್ಲಿಸಬೇಕಿತ್ತು.

"ಈ ಕೈಗೆ ಮಾಡಿದ್ದು ಒಳ್ಳೇ ಆಪರೇಷನ್ನೇ, ತಡವಾಗಿತ್ತು," ಎಂದು ಬಲಗೈಯನ್ನು ಮುಟ್ಟಿದರು. "ಈ ಕೈಗೆ ಮಾಡಿದ್ದೂ ಒಳ್ಳೇ ಆಪರೇಷನ್ನೇ." ಎಡಗೈಯನ್ನೂ ಮುಟ್ಟಿದರು.

ವೈದ್ಯಕೀಯದವರು ಈ ಎರಡು ವಿಧಾನಗಳನ್ನು ಹೋಲಿಸುವಾಗ, ರೋಗಿ ಎಷ್ಟು ಬೇಗ ಕೆಲಸಕ್ಕೆ ಮರಳಿದ ಎಂಬುದನ್ನು ಒಂದು ಅಳತೆಯಾಗಿ ಇಟ್ಟುಕೊಳ್ಳುತ್ತಾರೆಂದು ನನಗೆ ಆ ಬಳಿಕ ಓದಿ ತಿಳಿಯಿತು. ಯಾವ ಕೆಲಸಕ್ಕೆ, ಯಾರ ಮನೆಯ ಕೆಲಸಕ್ಕೆ, ಅಲ್ಲಿ ಬೇಡವೆನ್ನುವ ಹಕ್ಕು ಅವಳಿಗೆ ಇತ್ತೇ, ಈ ಪ್ರಶ್ನೆಗಳು ಆ ಅಳತೆಯಲ್ಲಿ ಇರುವುದಿಲ್ಲ. ದೊಡ್ಡ ಗಾಯಕ್ಕೆ ನಮ್ಮ ಮನೆಗಳು ಬಿಡುವು ಕೊಡುತ್ತವೆ. ಹೆಣ್ಣಿನ ಒಳಗಿನ ಗಾಯ ಕಣ್ಣಿಗೆ ಕಾಣದಿದ್ದರೆ ಅವಳು ವಾಸಿಯಾದಳೆಂದೇ ಅರ್ಥ. ಈ ಮಾತನ್ನು ನಾನು ಸಂಘದ ಸಭೆಗಳಲ್ಲಿ ಹೇಳಿದ್ದೇನೆ, ಅರ್ಜಿಗಳಲ್ಲಿ ಬರೆದಿದ್ದೇನೆ. ಕೆಚ್ಚುವ ಹೆಂಗಸರನ್ನು ಕಾರ್ಮಿಕರೆಂದು ಗುರುತಿಸಬೇಕು, ವಿಮೆ ಕೊಡಬೇಕು, ಕೇರಿಗೆ ಬಂದು ಕೈ ಪರೀಕ್ಷಿಸಬೇಕು. ಅರ್ಜಿಗಳು ಹೋಗಿವೆ. ಉತ್ತರ ಬಂದಿಲ್ಲ.

ಅಕ್ಕ ಆರೋಪ ಮಾಡುವವಳಲ್ಲ. ಒಮ್ಮೆ ಮಾತ್ರ ಅತ್ತಳು, ಅದೂ ಆಸ್ಪತ್ರೆಯಲ್ಲಲ್ಲ. ಮಗ್ಗಕ್ಕೆ ಹೊಸ ಹಾಸು ಬಂದಾಗ ಬೇರೊಬ್ಬಾಕೆ ಬಂದು ಅವಳ ಜಾಗದಲ್ಲಿ ಕೂತು ಬೂದಿಯ ಬಟ್ಟಲನ್ನು ಕೇಳಿದಳು. ಅಕ್ಕ ಬಟ್ಟಲು ತಂದುಕೊಟ್ಟು ಹಿತ್ತಲಿಗೆ ಹೋದಳು. ಚೌಡಮ್ಮನವರು ಹಿಂದೆ ಹೋದರು. ಒಳಗೆ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿದ್ದವು. "ಈರುಳ್ಳಿ ಹೆಚ್ಚಿದ್ವಿ," ಎಂದರು ಚೌಡಮ್ಮನವರು. ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಈಗ ಉರಿ ಇಲ್ಲ. ಅದಕ್ಕೆ ನಾನು ಎರಡೂ ಆಸ್ಪತ್ರೆಗಳ ವೈದ್ಯರಿಗೆ ಋಣಿ. ಬಲಗೈ ತನ್ನ ಮಟ್ಟಿಗೆ ದುಡಿಯುತ್ತದೆ. ಅಕ್ಕ ಅನ್ನ ಬಸಿಯುವುದನ್ನು, ಹೂ ಬಿಡಿಸುವುದನ್ನು ಒಂದು ಕೈಯಲ್ಲೇ ಕಲಿತಳು. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವ ಅಭ್ಯಾಸ ಈಚೆಗೆ ಬಿಟ್ಟಿದ್ದಾಳೆ. ಇದನ್ನು ಸಮಾಧಾನ ಎನ್ನಬಹುದೋ ಏನೋ.

ಕಳೆದ ವರ್ಷ ಪಕ್ಕದ ಮನೆಯ ಸೊಸೆ ರತ್ನ ಬೆಳಿಗ್ಗೆ ಎದ್ದು ಕೈ ಕೊಡವುತ್ತಿದ್ದುದನ್ನು ಅಕ್ಕ ಗೋಡೆಯಾಚೆಯಿಂದ ಕಂಡಳು. ರತ್ನನೂ ಕೆಚ್ಚುವವಳು. ಅಕ್ಕ ಯಾರನ್ನೂ ಕೇಳದೆ ಹುಡುಗಿಯನ್ನು ಕರೆದುಕೊಂಡು ನನ್ನ ಶಾಲೆಯ ಬಾಗಿಲಿಗೆ ಬಂದಳು. "ಈಗ್ಲೇ ಹೋಗ್ಬೇಕು. ರಜಾ ಹಾಕು." ಹುಡುಗಿಯ ಹೆಬ್ಬೆರಳಿನ ಬುಡದ ಮಾಂಸ ಇನ್ನೂ ತುಂಬಿಕೊಂಡಿತ್ತು. ಅದೇ ಯುವ ಸರ್ಜನ್, ಅದೇ ಎಂಡೋಸ್ಕೋಪು. ಅಕ್ಕನೇ ಅದನ್ನು ಆರಿಸಿದಳು. ನಾನು ಆಶ್ಚರ್ಯಪಟ್ಟಾಗ, "ಆಪರೇಷನ್ನೇನು ಮಾಡ್ತು ಪಾಪ," ಎಂದಳು.

ಈ ಸಲ ಸರ್ಜನ್ ಹಗುರವಾದ ಕೆಲಸವೆಂಬ ಮಾತನ್ನು ಆಡಲಿಲ್ಲ. ಅಕ್ಕನ ಎಡಗೈಯನ್ನು ನೋಡಿ, "ಆರು ವಾರ ಎಳೆ ಮುಟ್ಟೋ ಹಾಗಿಲ್ಲ, ಬೂದಿ ಮುಟ್ಟೋ ಹಾಗಿಲ್ಲ," ಎಂದರು.

ರತ್ನ ಮಣಿಕಟ್ಟಿನ ಮೇಲೆ ಸಣ್ಣ ಪಟ್ಟಿಯೊಂದಿಗೆ ಹೊರಗೆ ಬಂದಳು. ಅಕ್ಕ ಅವಳನ್ನು ನರ್ಸಿಂಗ್ ಹೋಮಿನ ಜಗಲಿಯ ಬೆಂಚಿನ ಮೇಲೆ ಕೂರಿಸಿ, ಔಷಧಿ ಅಂಗಡಿಗೆ ನನ್ನನ್ನು ಕಳುಹಿಸಿದಳು. ಹತ್ತಿಯ ದೊಡ್ಡ ಸುರುಳಿ, ಬ್ಯಾಂಡೇಜಿನ ನಾಲ್ಕು ಸುರುಳಿ. ತಂದುಕೊಟ್ಟೆ. ಒಳಗಿನ ಪಟ್ಟಿಯನ್ನು ಅಲುಗಿಸದೆ, ಅದರ ಮೇಲೆ ಹತ್ತಿ ಹಾಸಿ, ರಟ್ಟಿನ ಒಂದು ತುಂಡು ಇಟ್ಟು, ಒಂದೇ ಕೈಯಲ್ಲಿ ಸುತ್ತತೊಡಗಿದಳು. ಮಣಿಕಟ್ಟು ದಾಟಿತು. ಮೊಣಕೈ ಹತ್ತಿರ ಬಂತು.

"ಅಕ್ಕಾ, ಯಾಕಿಷ್ಟೊಂದು? ಡಾಕ್ಟ್ರು ಸಣ್ಣದಾಗೇ ಹಾಕವ್ರಲ್ಲ," ಎಂದಳು ರತ್ನ.

"ಡಾಕ್ಟ್ರು ಹಾಕಿರೋದು ಗಾಯಕ್ಕೆ ಕಣೆ. ಇದು ನಿಮ್ಮತ್ತೆಗೆ."

ರತ್ನ ಕಿಸಕ್ಕನೆ ನಕ್ಕಳು. ಅಕ್ಕ ನಗಲಿಲ್ಲ. ಸುರುಳಿ ಮುಗಿದಿತ್ತು. ಕೊನೆಯನ್ನು ಸೀಳಿ ಎರಡು ಬಾಲ ಮಾಡಿದಳು, ಒಂದನ್ನು ಬಲಗೈಯಲ್ಲಿ ಹಿಡಿದು ಇನ್ನೊಂದನ್ನು ಎಡಗೈಯ ಬೆರಳುಗಳ ನಡುವೆ ಸಿಕ್ಕಿಸಲು ನೋಡಿದಳು. ಜಾರಿತು. ಮತ್ತೆ ನೋಡಿದಳು. ಜಾರಿತು.

"ಗಂಟು ನೀನು ಹಾಕು ನಿಮ್ಮಿ," ಎಂದಳು.

ನಾನು ಬಗ್ಗಿ ಎರಡೂ ತುದಿಗಳನ್ನು ಎಳೆದೆ. ಅಕ್ಕ ನನ್ನ ಮಣಿಕಟ್ಟನ್ನು ಹಿಡಿದು ತಡೆದಳು.

"ಬಿಗಿ ಮಾಡ್ಬೇಡ. ದಪ್ಪ ಕಂಡ್ರೆ ಸಾಕು."